ದವಾ ಮತ್ತು ದುವಾ

ಧಾರವಾಡ, ವಿಜಯಪುರ, ಕಲಬುರಗಿಗಳ ಕಡೆಯ ಆಡುಮಾತಿನಲ್ಲಿ ಆಸ್ಪತ್ರೆಗೆ ಇಂದಿಗೂ ‘ದವಾಖಾನೆ’ ಎಂಬ ಹೆಸರು ಬಳಕೆಯಲ್ಲಿದೆ. ‘ದವಾ’ ಎಂದರೆ ಔಷಧ, ‘ಖಾನೆ’ ಎಂದರೆ ಮನೆ. ಮೊದಲನೆಯದು ಅರಬ್ಬಿ, ಎರಡನೆಯದು ಪಾರಸಿ. ಎರಡೂ ಕೂಡಿ ಅಪ್ಪಟ ಕನ್ನಡದ ಮಾತಾಗಿ ನಿಂತಿವೆ. ಈ ‘ದವಾ’ ಎಂಬುದಕ್ಕೆ ಅತಿ ಸಮೀಪದಲ್ಲಿ ಕಿವಿಗೆ ಬೀಳುವ ಇನ್ನೊಂದು ಶಬ್ದ ‘ದುವಾ’. ಅದರ ಅರ್ಥ ಪ್ರಾರ್ಥನೆ. ಅರಬ್ಬಿಯಲ್ಲಿ ಇವೆರಡರ ಧಾತುಗಳು ಬೇರೆ ಬೇರೆ, ಒಂದಕ್ಕೊಂದು ನಂಟಿಲ್ಲ. ಆದರೂ ನಮ್ಮ ನಾಡಿನ ಮುಸಲ್ಮಾನರ ಮನೆಗಳಲ್ಲಿ ಮಗುವೊಂದು ಕಾಯಿಲೆ ಬಿದ್ದಾಗ ಈ ಎರಡು ಶಬ್ದಗಳೂ ಒಂದೇ ಉಸಿರಿನಲ್ಲಿ ಹೊರಡುತ್ತವೆ: ದವಾ ಕೊಡಿಸಿದ್ದೇವೆ, ದುವಾ ಮಾಡುತ್ತಿದ್ದೇವೆ ಎಂದು. ಈ ಜೋಡಿಯ ಒಳಗಿರುವ ಜೀವನದೃಷ್ಟಿ ಎಂಥದು, ಅದನ್ನು ಹೊರಗಿನವರೂ ಒಳಗಿನವರೂ ಎಲ್ಲಿ ತಪ್ಪಾಗಿ ತಿಳಿಯುತ್ತಾರೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ವಿಷಯ ಸಾಹಿತ್ಯಪುಟಕ್ಕೆ ಹೊರತಾದುದೆಂದು ಯಾರಾದರೂ ಭಾವಿಸಿಯಾರು. ಹಾಗೆ ಭಾವಿಸಬೇಕಾಗಿಲ್ಲ. ಕಾಯಿಲೆಯ ಮಗುವಿನ ಮುಂದೆ ಕುಳಿತ ತಂದೆತಾಯಿಗಳು ನಮ್ಮ ಕಾವ್ಯಕ್ಕೆ ಅಪರಿಚಿತರೇನೂ ಅಲ್ಲ. ರಾಘವಾಂಕನ ಚಂದ್ರಮತಿ ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಮಡಿಲಲ್ಲಿಟ್ಟುಕೊಂಡು ಗೋಳಾಡಿದ ಗೋಳು ಶತಮಾನಗಳನ್ನು ದಾಟಿ ಬಂದಿದೆ. ಮಗುವಿನ ಸಾವಿನ ಎದುರಿನಲ್ಲಿ ಹೆಂಡತಿಯ ನೋಟವನ್ನು ಎದುರಿಸಲಾರದ ಗಂಡನ ಸಂಕಟವನ್ನು ಬೇಂದ್ರೆಯವರು ಕನ್ನಡಕ್ಕೆ ಕೊಟ್ಟಿದ್ದಾರೆ. ಆದರೆ ನೆರೆಯ ಮುಸಲ್ಮಾನರ ಮನೆಯ ಒಳಕೋಣೆಯ ಪರಿಚಯ ನಮಗೆ ಬಹುಕಾಲ ಇರಲಿಲ್ಲ. ಆ ಬಾಗಿಲನ್ನು ತೆರೆದವರು ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ, ಬಾನು ಮುಷ್ತಾಕ್ ಮೊದಲಾದ ಲೇಖಕರು. ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲರೂ ಹಿಗ್ಗಿದೆವು. ಹಿಗ್ಗಿದುದು ಸರಿ, ಆದರೆ ಆ ಮನೆಗಳಲ್ಲಿ ಕಷ್ಟಕಾಲಕ್ಕೆ ಆಡುವ ನಾಲ್ಕು ಮಾತುಗಳ ಅರ್ಥವನ್ನಾದರೂ ನಾವು ತಿಳಿದುಕೊಂಡಿದ್ದೇವೆಯೆ?

ಹೊರಗಿನವರ ತಪ್ಪು ತಿಳುವಳಿಕೆಯನ್ನು ಮೊದಲು ನೋಡೋಣ. ವೈದ್ಯರು ನಾಳೆ ಬನ್ನಿರೆಂದರೆ ‘ಇನ್ಷಾ ಅಲ್ಲಾ’ ಎನ್ನುವ ತಾಯಿಯನ್ನು ಕಂಡು, ಈಕೆ ಬರುವುದು ಅನುಮಾನ ಎಂದುಕೊಳ್ಳುವವರಿದ್ದಾರೆ. ಮಗುವಿನ ಕೊರಳಲ್ಲಿ ತಾಯಿತವನ್ನು ಕಂಡೊಡನೆ, ಇವರಿಗೆ ಔಷಧದಲ್ಲಿ ನಂಬಿಕೆಯಿಲ್ಲ ಎಂದು ತೀರ್ಮಾನಿಸುವವರಿದ್ದಾರೆ. ದೇವರ ಇಚ್ಛೆ ಎಂದ ತಂದೆಯನ್ನು ಕಂಡು, ಇವರದು ಕೈಕಟ್ಟಿ ಕುಳಿತುಕೊಳ್ಳುವ ಧರ್ಮ ಎನ್ನುವವರೂ ಇದ್ದಾರೆ. ನಾವು ‘ದೇವರ ದಯೆಯಿದ್ದರೆ ನಾಳೆ ಬರುತ್ತೇವೆ’ ಎಂದರೆ ಅದು ವಿನಯ. ಅದನ್ನೇ ನೆರೆಯವರು ಅರಬ್ಬಿಯಲ್ಲಿ ಹೇಳಿದರೆ ಅದು ಆಲಸ್ಯ! ಮಾತಿನ ಅರ್ಥವನ್ನು ಭಾಷೆಗೆ ತಕ್ಕಂತೆ ಬದಲಾಯಿಸುವ ಈ ನ್ಯಾಯ ಎಲ್ಲಿಯದು?

ಆ ಧರ್ಮದ ಮೂಲಕಥೆಗಳೊಳಕ್ಕೆ ಹೋಗಿ ನೋಡಿದರೆ ಕೈಕಟ್ಟಿ ಕುಳಿತವರು ಕಾಣುವುದಿಲ್ಲ; ಓಡುತ್ತಿರುವ ತಾಯಿಯೊಬ್ಬಳು ಕಾಣುತ್ತಾಳೆ. ಆಕೆ ಹಾಜಿರಾ. ಪೈಗಂಬರ್ ಇಬ್ರಾಹೀಮರು ದೇವರ ಆಜ್ಞೆಯಂತೆ ಆಕೆಯನ್ನೂ ಹಾಲುಗೂಸಾದ ಇಸ್ಮಾಯಿಲನನ್ನೂ ಮೆಕ್ಕೆಯ ಬರಡು ಕಣಿವೆಯಲ್ಲಿ ಬಿಟ್ಟು ಹೊರಟರು. ಇದು ದೇವರ ಆಜ್ಞೆಯೆ ಎಂದು ಆಕೆ ಕೇಳಿದಳು. ಹೌದೆಂದು ಉತ್ತರ ಬಂದಾಗ, ಹಾಗಾದರೆ ಆತ ನಮ್ಮ ಕೈಬಿಡಲಾರನೆಂದು ನಂಬಿ ಹಿಂತಿರುಗಿದಳು. ತಂದಿದ್ದ ನೀರು ಮುಗಿಯಿತು. ಎದೆಯ ಹಾಲು ಬತ್ತಿತು. ಕೂಸು ಬಾಯಾರಿ ಹೊರಳಾಡತೊಡಗಿತು. ಆಗ ಆ ನಂಬಿಕೆಯ ತಾಯಿ ಮಾಡಿದ್ದೇನು? ಸಫಾ ಗುಡ್ಡವನ್ನು ಹತ್ತಿ ಸುತ್ತ ನೋಡಿದಳು. ಇಳಿದು ಓಡಿ ಮರ್ವಾ ಗುಡ್ಡವನ್ನು ಹತ್ತಿ ನೋಡಿದಳು. ಹೀಗೆ ಏಳು ಸಲ ಓಡಿದಳು. ದೇವರು ಕೈಬಿಡಲಾರನೆಂದು ಮೊದಲೇ ನುಡಿದಿದ್ದವಳು ಏತಕ್ಕೆ ಓಡಬೇಕಾಗಿತ್ತು? ನಂಬಿಕೆ ಎಂದರೆ ಕುಳಿತಿರುವುದಾಗಿದ್ದರೆ ಆಕೆ ಕುಳಿತಿರುತ್ತಿದ್ದಳು. ಕೊನೆಗೆ ಜಮ್‌ಜಮ್ ನೀರು ಚಿಮ್ಮಿದ್ದು ಆಕೆ ಓಡಿದ ಎರಡು ಗುಡ್ಡಗಳಲ್ಲಿ ಯಾವುದರ ಮೇಲೂ ಅಲ್ಲ, ಮಗುವಿನ ಬಳಿಯಲ್ಲಿ ಎಂದು ಸಂಪ್ರದಾಯ ಹೇಳುತ್ತದೆ. ಓಟದಿಂದ ನೀರು ಬರಲಿಲ್ಲ. ಹಾಗೆಂದು ಓಟ ವ್ಯರ್ಥವೂ ಆಗಲಿಲ್ಲ. ಇಂದಿಗೂ ಮೆಕ್ಕೆಗೆ ಹೋದ ಪ್ರತಿಯೊಬ್ಬ ಯಾತ್ರಿಕನೂ ಸುಮಾರು 450 ಮೀಟರುಗಳ ಆ ಅಂತರವನ್ನು ಏಳು ಸಲ ಕ್ರಮಿಸಬೇಕು. ಆ ವಿಧಿಯ ಹೆಸರು ‘ಸಈ’, ಎಂದರೆ ಪ್ರಯತ್ನ. ಮಗುವಿನ ಪ್ರಾಣಕ್ಕಾಗಿ ಒಬ್ಬ ತಾಯಿ ಪಟ್ಟ ಪಾಡನ್ನು ಇಡೀ ಸಮುದಾಯದ ಆರಾಧನೆಯ ಅಂಗವಾಗಿ ಉಳಿಸಿಕೊಂಡ ಧರ್ಮವನ್ನು ನಿಷ್ಕ್ರಿಯತೆಯ ಧರ್ಮವೆಂದು ಕರೆಯುವುದು ಹೇಗೆ?

ವಿಧಿಯ ಪ್ರಶ್ನೆಗೂ ಅಲ್ಲಿ ಸ್ಪಷ್ಟವಾದ ಉತ್ತರವಿದೆ. ಕ್ರಿ.ಶ. 639ರ ಸುಮಾರಿಗೆ ಸಿರಿಯಾ ಪ್ರಾಂತದಲ್ಲಿ ಮಹಾಮಾರಿ ಹಬ್ಬಿದಾಗ, ಅಲ್ಲಿಗೆ ಹೊರಟಿದ್ದ ಖಲೀಫ ಉಮರರು ನಡುದಾರಿಯಿಂದಲೇ ಹಿಂತಿರುಗಲು ನಿಶ್ಚಯಿಸಿದರು. ದೇವರು ವಿಧಿಸಿದ್ದರಿಂದ ಓಡಿಹೋಗುವಿರಾ ಎಂದು ಸೇನಾನಿ ಅಬೂ ಉಬೈದಾ ಆಕ್ಷೇಪಿಸಿದರು. ದೇವರ ಒಂದು ವಿಧಿಯಿಂದ ಆತನದೇ ಇನ್ನೊಂದು ವಿಧಿಯತ್ತ ಹೋಗುತ್ತಿದ್ದೇವೆ ಎಂಬುದು ಉಮರರ ಉತ್ತರದ ಸಾರಾಂಶ. ಕಣಿವೆಯ ಒಂದು ಬದಿ ಹಸುರಾಗಿ ಇನ್ನೊಂದು ಬದಿ ಬರಡಾಗಿದ್ದರೆ, ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ದೇವರ ವಿಧಿಯೇ ಅಲ್ಲವೆ ಎಂದು ಅವರು ದೃಷ್ಟಾಂತವನ್ನೂ ಕೊಟ್ಟರು. ಚಿಕಿತ್ಸೆ ಮಾಡಿಸಿರಿ, ಮದ್ದಿಲ್ಲದ ರೋಗವನ್ನು ದೇವರು ಇಳಿಸಿಲ್ಲ ಎಂಬರ್ಥದ ಪೈಗಂಬರರ ಮಾತನ್ನು ಹದೀಸ್ ಗ್ರಂಥಗಳು ಸಂಗ್ರಹಿಸಿವೆ. ಸಿಡುಬು ಬೇರೆ, ದಡಾರ ಬೇರೆ ಎಂದು ಲಕ್ಷಣಗಳಿಂದ ವಿಂಗಡಿಸಿ ಗ್ರಂಥ ಬರೆದ ಅಲ್-ರಾಝಿ ಈ ಪರಂಪರೆಯೊಳಗೆ ಬೆಳೆದ ವೈದ್ಯ. ಮಕ್ಕಳನ್ನು ರಾಶಿರಾಶಿಯಾಗಿ ಒಯ್ಯುತ್ತಿದ್ದ ಆ ಎರಡು ರೋಗಗಳನ್ನು ಸಾವಿರ ವರ್ಷಗಳಿಗೂ ಹಿಂದೆ ಆತ ಹಾಸಿಗೆಯ ಬದಿಯಲ್ಲಿ ಕುಳಿತು ಪರೀಕ್ಷಿಸಿದ, ವಿಧಿಯೆಂದು ಬಿಟ್ಟುಬಿಡಲಿಲ್ಲ.

ಇನ್ನು ಒಳಗಿನವರ ತಪ್ಪು. ಇದು ಮೊದಲನೆಯದಕ್ಕಿಂತ ಹೆಚ್ಚು ನೋವನ್ನುಂಟುಮಾಡುವಂಥದು. ಏಕೆಂದರೆ ಇದು ಹಿತೈಷಿಗಳ ಬಾಯಿಂದ ಬರುತ್ತದೆ. ಮಗುವಿನ ಹಾಸಿಗೆಯ ಬಳಿ ಅಳುತ್ತಿರುವ ತಾಯಿಗೆ, ಅಳಬೇಡ, ಅತ್ತರೆ ಈಮಾನು ಕಡಮೆಯೆಂದಾಗುತ್ತದೆ ಎನ್ನುವ ಬಂಧುಗಳುಂಟು. ‘ಸಬ್ರ್’ ಇರಲಿ ಎಂದು ಉಪದೇಶಿಸುವವರುಂಟು. ಇದಾವುದೋ ತಪ್ಪಿಗೆ ಬಂದ ಶಿಕ್ಷೆ ಎಂದು ಕಿವಿಯಲ್ಲಿ ಉಸುರುವವರೂ ಉಂಟು. ಇವರು ತಮ್ಮ ಧರ್ಮವನ್ನೇ ಪೂರ್ತಿಯಾಗಿ ಓದಿಲ್ಲವೆಂದು ಹೇಳಬೇಕಾಗಿದೆ.

ಮಹಮ್ಮದ್ ಪೈಗಂಬರರಿಗೆ ಹುಟ್ಟಿದ ಗಂಡುಮಕ್ಕಳೆಲ್ಲರೂ ಶೈಶವದಲ್ಲೇ ತೀರಿಕೊಂಡರು. ಕೊನೆಯ ಮಗ ಇಬ್ರಾಹೀಮ್ ಸುಮಾರು ಒಂದೂವರೆ ವರ್ಷದವನಾಗಿದ್ದಾಗ, ಹಿಜರಿ 10ರಲ್ಲಿ, ಕಮ್ಮಾರನೊಬ್ಬನ ಮನೆಯಲ್ಲಿ ದಾದಿಯ ಬಳಿ ಕೊನೆಯುಸಿರೆಳೆದನು. ಮಗುವನ್ನು ಎತ್ತಿಕೊಂಡ ತಂದೆಯ ಕಣ್ಣುಗಳಲ್ಲಿ ನೀರು ಹರಿಯಿತು. ತಾವೂ ಅಳುವಿರಾ ಎಂದು ಜೊತೆಯಲ್ಲಿದ್ದ ಅಬ್ದುರ್ರಹ್ಮಾನ್ ಇಬ್ನ್ ಔಫ್ ಬೆರಗಾಗಿ ಕೇಳಿದಾಗ, ಇದು ಕರುಣೆ ಎಂದರು. ಕಣ್ಣು ಹನಿಯುವುದನ್ನೂ ಹೃದಯ ನೋಯುವುದನ್ನೂ ಒಪ್ಪಿಕೊಂಡು, ನಾಲಗೆ ಮಾತ್ರ ದೇವರಿಗೆ ಅಪ್ರಿಯವಾದುದನ್ನು ಆಡದು ಎಂಬ ಎಲ್ಲೆಯನ್ನು ಹಾಕಿಕೊಂಡರು. ಅಂದು ಸೂರ್ಯಗ್ರಹಣವಾಯಿತು. ಜನರು ಅದನ್ನು ಆ ಮಗುವಿನ ಸಾವಿಗೆ ಆಕಾಶ ಸೂಚಿಸಿದ ಶೋಕವೆಂದು ಭಾವಿಸಿದರು. ದುಃಖದಲ್ಲಿದ್ದ ತಂದೆಗೆ ಆ ಮಾತು ಎಷ್ಟು ಹಿತವಾಗಬಹುದಾಗಿತ್ತು! ಆದರೆ ಅವರು ಅದನ್ನು ತಳ್ಳಿಹಾಕಿದರು. ಸೂರ್ಯಚಂದ್ರರಿಗೆ ಯಾರ ಹುಟ್ಟುಸಾವುಗಳಿಂದಲೂ ಗ್ರಹಣ ಹಿಡಿಯುವುದಿಲ್ಲವೆಂದು ಸಾರಿದರು. ಖಗೋಳಗಣಿತಜ್ಞರು ಆ ಗ್ರಹಣವನ್ನು ಕ್ರಿ.ಶ. 632ರ ಜನವರಿ 27ರದೆಂದು ಗುರುತಿಸುತ್ತಾರೆ. ಒಂದೇ ದಿನದ ಈ ಎರಡು ಪ್ರಸಂಗಗಳನ್ನು ಜೊತೆಯಲ್ಲಿಟ್ಟು ನೋಡಬೇಕು. ಅಳುವಿಗೆ ಅನುಮತಿಯುಂಟು, ಅಳುವಿನ ಭರದಲ್ಲಿ ಮೂಢನಂಬಿಕೆಗೆ ಮಾತ್ರ ಅನುಮತಿಯಿಲ್ಲ.

ಕುರಾನಿನ ಯಾಕೂಬರು ಕಳೆದುಹೋದ ಮಗ ಯೂಸುಫನಿಗಾಗಿ ಅತ್ತು ಕಣ್ಣುಗಳನ್ನೇ ಕಳೆದುಕೊಂಡರು. ಆದರೂ ‘ಸುಂದರವಾದ ಸಹನೆ’ ಎಂಬ ಮಾತು ಅವರ ಬಾಯಿಂದಲೇ ಬಂದಿದೆ. ಕಣ್ಣೀರು ಸಹನೆಗೆ ವಿರುದ್ಧವಾಗಿದ್ದರೆ ಇವೆರಡೂ ಒಬ್ಬನಲ್ಲಿ ಕೂಡಿರುವುದು ಸಾಧ್ಯವಿರಲಿಲ್ಲ. ಶಿಕ್ಷೆಯ ಮಾತೂ ಹಾಗೆಯೇ. ಯಾರ ಹೊರೆಯನ್ನೂ ಇನ್ನೊಬ್ಬರು ಹೊರುವುದಿಲ್ಲವೆಂಬುದು ಕುರಾನು ಮತ್ತೆ ಮತ್ತೆ ಹೇಳುವ ತತ್ತ್ವ. ಮಗುವಿಗೆ ಪಾಪದ ಲೆಕ್ಕವೇ ಇಲ್ಲ. ಪ್ರಾಯಕ್ಕೆ ಬರುವವರೆಗೆ ಅದು ನಿರ್ದೋಷಿ. ಉರ್ದುವಿನಲ್ಲಿ ಮಗುವನ್ನು ‘ಮಾಸೂಮ್’ ಎಂದು ಕರೆಯುವುದು ಇದೇ ಭಾವದಿಂದ. ಪಾಪವಿಲ್ಲದ ಮಗು ತನ್ನ ಪಾಪಕ್ಕಾಗಿ ನರಳುತ್ತಿಲ್ಲ. ಹೊರೆ ಹೊರುವ ನಿಯಮವಿಲ್ಲದುದರಿಂದ ತಾಯಿಯ ಪಾಪಕ್ಕಾಗಿಯೂ ನರಳುತ್ತಿಲ್ಲ. ಇಷ್ಟನ್ನು ಯಾರಾದರೂ ಆ ತಾಯಿಗೆ ತಿಳಿಯಹೇಳಿದರೆ ಅವಳ ಎದೆಯ ಮೇಲಿನ ಒಂದು ಬಂಡೆ ಇಳಿದೀತು. ಹಣೆಬರಹ, ಪ್ರಾರಬ್ಧ ಎಂದು ಹೇಳಿ ಇದೇ ಬಂಡೆಯನ್ನು ನಮ್ಮ ತಾಯಂದಿರ ಮೇಲೆ ಏರಿಸುವ ನಮಗೂ ಇದರಲ್ಲಿ ಕಲಿಯುವುದುಂಟು.

‘ಸಬ್ರ್’ ಎಂಬ ಶಬ್ದವನ್ನು ಇನ್ನಷ್ಟು ವಿಚಾರಿಸಬೇಕು. ನಾವು ಅದನ್ನು ತಾಳ್ಮೆಯೆಂದು ಅನುವಾದಿಸಿ ಸುಮ್ಮನಾಗುತ್ತೇವೆ. ಅದರ ಧಾತುವಿನಲ್ಲಿ ಹಿಡಿದಿಡುವುದು, ಬಿಗಿಹಿಡಿದು ನಿಲ್ಲುವುದು ಎಂಬ ಅರ್ಥವಿದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯ ರಕ್ತದ ಕ್ಯಾನ್ಸರನ್ನು ತೆಗೆದುಕೊಳ್ಳಿ. ಅದರ ಚಿಕಿತ್ಸೆ ಎರಡು-ಮೂರು ವರ್ಷಗಳವರೆಗೆ ನಡೆಯುವಂಥದು. ಸಕಾಲದಲ್ಲಿ ಆರಂಭಿಸಿ ಪೂರ್ತಿಗೊಳಿಸಿದರೆ ಬಹುಮಟ್ಟಿನ ಮಕ್ಕಳು ಗುಣಹೊಂದುತ್ತಾರೆ. ನಡುವೆ ಬಿಟ್ಟರೆ ರೋಗ ಮರುಕಳಿಸುತ್ತದೆ. ಮೊದಲ ಕೆಲವು ವಾರಗಳಲ್ಲಿ ಜ್ವರ ಇಳಿದು ಮಗು ಆಡತೊಡಗಿದಾಗ ಬಡಕುಟುಂಬಕ್ಕೆ ಇನ್ನು ಸಾಕೆನಿಸುವುದು ಸಹಜ. ಕೂಲಿ ತಪ್ಪುತ್ತದೆ, ಊರು ದೂರ, ಸಾಲ ಬೆಳೆಯುತ್ತದೆ. ಇಂಥ ಸನ್ನಿವೇಶದಲ್ಲಿ ಸಬ್ರ್ ಎಂದರೆ ಸಂಕಟವನ್ನು ಬಾಯಿಮುಚ್ಚಿ ನುಂಗುವುದೆಂದಲ್ಲ, ಚಿಕಿತ್ಸೆಯನ್ನು ಕೊನೆಯ ದಿನದವರೆಗೆ ಬಿಡದೆ ಹಿಡಿದಿರುವುದೆಂದು. ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ತನ್ನ ತಮ್ಮನ ಇಂಥ ಕಾಯಿಲೆಯ ದಿನಗಳನ್ನು ಕುರಿತು ಮಾತನಾಡುತ್ತ, ಅವಳ ತಾಯಿ ನಮಾಜಿನ ಹೊತ್ತುಗಳ ಜೊತೆಗೇ ಮಾತ್ರೆಯ ಹೊತ್ತುಗಳನ್ನು ಹೊಂದಿಸಿಕೊಂಡಿದ್ದಳೆಂದು ಹೇಳಿದಳು. ಬೆಳಗಿನ ನಮಾಜಿಗೆ ಎದ್ದಾಗ ಒಂದು, ಇರುಳಿನ ನಮಾಜು ಮುಗಿದಾಗ ಇನ್ನೊಂದು. ಓದುಬರಹ ಬಾರದ ಆಕೆ ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲವಂತೆ. ಪ್ರಾರ್ಥನೆ ಔಷಧಕ್ಕೆ ಗಡಿಯಾರವಾದ ಈ ಸಂಗತಿ ನನಗೆ ಹಲವು ಉಪನ್ಯಾಸಗಳಿಗಿಂತ ಹೆಚ್ಚು ತಿಳಿಸಿತು.

ಹೀಗೆಂದರೆ ದೋಷವೇ ಇಲ್ಲವೆಂದು ಹೇಳಿದಂತಾಗಲಿಲ್ಲ. ತಾಯಿತವನ್ನೇ ನೆಚ್ಚಿ ಆಸ್ಪತ್ರೆಗೆ ತಡವಾಗಿ ಬಂದ ಮಕ್ಕಳುಂಟು. ಹಣ ಕಿತ್ತುಕೊಂಡು ಮಂತ್ರಿಸಿ ಕೊಡುವವರುಂಟು. ತಾಯಿತ ಕಟ್ಟುವುದು ಸರಿಯೆ, ದರ್ಗಾಕ್ಕೆ ಹರಕೆ ಹೊರುವುದು ಸರಿಯೆ ಎಂಬುದರ ಬಗೆಗೆ ಮುಸಲ್ಮಾನ ವಿದ್ವಾಂಸರಲ್ಲೇ ತೀವ್ರವಾದ ಭಿನ್ನಾಭಿಪ್ರಾಯವಿದೆ. ಕೆಲವರು ಅದನ್ನು ಒಪ್ಪುತ್ತಾರೆ, ಕೆಲವರು ಏಕದೇವನಿಷ್ಠೆಗೆ ಭಂಗವೆಂದು ಖಂಡಿಸುತ್ತಾರೆ. ಆದರೆ ಒಂದು ಮಾತನ್ನು ಗಮನಿಸಬೇಕು. ತಾಯಿತ ಓಣಿಯ ತುದಿಯಲ್ಲಿ ಸಿಗುತ್ತದೆ. ಮಕ್ಕಳ ತಜ್ಞವೈದ್ಯರು ಜಿಲ್ಲೆಯ ಪಟ್ಟಣದಲ್ಲಿದ್ದಾರೆ. ತಡವಾಗುವುದಕ್ಕೆ ಕಾರಣ ಎಷ್ಟೋ ವೇಳೆ ನಂಬಿಕೆಗಿಂತ ದೂರ ಮತ್ತು ಬಡತನ. ಈ ಬಡತನ ಒಂದೇ ಮತದವರ ಸ್ವತ್ತೇನೂ ಅಲ್ಲ. ಸಂಜೆಯ ನಮಾಜು ಮುಗಿಯುವ ಹೊತ್ತಿಗೆ ನಮ್ಮ ಅನೇಕ ಊರುಗಳ ಮಸೀದಿಯ ಬಾಗಿಲಲ್ಲಿ ಕಾಯಿಲೆಯ ಕೂಸುಗಳನ್ನೆತ್ತಿಕೊಂಡು ನಿಂತಿರುವ ತಾಯಂದಿರನ್ನು ನೋಡಿರಿ. ಹಣೆಗೆ ಕುಂಕುಮವಿಟ್ಟವರೂ ಅವರಲ್ಲಿರುತ್ತಾರೆ. ಹೊರಬರುವ ನಮಾಜಿಗಳು ಆ ಕೂಸುಗಳ ಮೇಲೆ ಪ್ರಾರ್ಥಿಸಿ ಉಸಿರೂದಿ ಹೋಗುತ್ತಾರೆ. ಟಿಪ್ಪು ಸುಲ್ತಾನನು ತನ್ನ ಆನೆಯ ಕಣ್ಣು ವಾಸಿಯಾದುದಕ್ಕೆ ನಂಜನಗೂಡಿನ ದೇವರನ್ನು ‘ಹಕೀಮ ನಂಜುಂಡ’ನೆಂದು ಕರೆದನೆಂಬ ಐತಿಹ್ಯವಿರುವ ನಾಡು ಇದು. ಕಷ್ಟಕಾಲದಲ್ಲಿ ಇಲ್ಲಿಯ ಜನ ಒಬ್ಬರ ಬಾಗಿಲಿಗೆ ಒಬ್ಬರು ಹೋಗಿದ್ದಾರೆ.

ಹಾಗಾದರೆ ಮಾಡಬೇಕಾದುದೇನು? ನಂಬಿಕೆಯನ್ನು ಹೀಯಾಳಿಸಿ ಔಷಧ ಕುಡಿಸಲಾಗದು. ನಂಬಿಕೆಯ ಕೈ ಹಿಡಿದು ಕುಡಿಸಬಹುದು. ಇದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಪ್ರಮಾಣವಿದೆ. ಈ ಶತಮಾನದ ಆದಿಯಲ್ಲಿ ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳ ಕೆಲವು ಮುಸಲ್ಮಾನ ಕುಟುಂಬಗಳು ಪೋಲಿಯೊ ಹನಿಗಳನ್ನು ಸಂಶಯದಿಂದ ನಿರಾಕರಿಸುತ್ತಿದ್ದವು. ಆಗ ಮೌಲ್ವಿಗಳನ್ನೂ ಅಲೀಗಢದ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ, ಜಾಮಿಯಾ ಹಮ್‌ದರ್ದ್‌ನಂಥ ಸಂಸ್ಥೆಗಳನ್ನೂ ಕಾರ್ಯದಲ್ಲಿ ಸೇರಿಸಿಕೊಳ್ಳಲಾಯಿತು. ಮಸೀದಿಗಳ ಧ್ವನಿವರ್ಧಕಗಳಿಂದಲೇ ಹನಿ ಹಾಕಿಸಿರೆಂಬ ಕರೆ ಹೊರಟಿತು. 2011ರ ಜನವರಿ 13ರಂದು ಹೌರಾದಲ್ಲಿ ಕಂಡ ಪ್ರಕರಣವೇ ಭಾರತದಲ್ಲಿ ವನ್ಯ ಪೋಲಿಯೊವಿನ ಕೊನೆಯದಾಯಿತು. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಬಾಗಿಲು ಮುಚ್ಚಿದ್ದ ಮನೆಗಳು ಬೈಗುಳಕ್ಕೆ ತೆರೆಯಲಿಲ್ಲ. ತಮಗೆ ಪರಿಚಿತವಾದ ದನಿಗೆ ತೆರೆದವು.

ಆಸ್ಪತ್ರೆಯ ಹಾಸಿಗೆಯ ಬಳಿಯೂ ಇದೇ ನೀತಿ ಸಲ್ಲುತ್ತದೆ. ಚಿಕಿತ್ಸೆಯಿಂದ ರೋಗನಿರೋಧಕ ಶಕ್ತಿ ಕುಂದಿದ ಮಗುವಿಗೆ ಅಜ್ಜಿ ಜಮ್‌ಜಮ್ ನೀರು ತಂದರೆ ಗದರಬೇಕಾಗಿಲ್ಲ. ಕುದಿಸಿ ಆರಿಸಿ ಕೊಡಿರೆಂದರೆ ಸಾಕು. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಜೇನಿನಲ್ಲಿ ಗುಣವಿದೆಯೆಂದು ಕುರಾನೇ ಹೇಳಿರುವಾಗ ಆ ಮನೆಯವರಿಗೆ ಕಾರಣವನ್ನು ಬಿಡಿಸಿ ತಿಳಿಸಬೇಕು. ಔಷಧದ ಗುಳಿಗೆಯ ಹೊರಕವಚ ನಿಷಿದ್ಧ ಪ್ರಾಣಿಯದೆಂಬ ಅಳುಕಿದ್ದರೆ, ಪ್ರಾಣಕ್ಕೆ ಸಂಕಟ ಬಂದಾಗ ನಿಷೇಧ ಸಡಿಲವಾಗುವುದೆಂಬ ನಿಯಮ ಅವರ ಶಾಸ್ತ್ರದಲ್ಲೇ ಇದೆ. ಅದನ್ನು ಹೇಳಲು ಒಬ್ಬ ವಿವೇಕಿ ಮೌಲ್ವಿ ಸಾಕು. ಚಿಕಿತ್ಸೆಯ ಸಾಲದಲ್ಲಿ ಮುಳುಗಿದವರಿಗೆ ಜಕಾತಿನಲ್ಲಿ ಹಕ್ಕಿದೆ. ಜಕಾತು ಸಲ್ಲಬೇಕಾದ ಎಂಟು ವರ್ಗಗಳಲ್ಲಿ ಬಡವರೂ ಸಾಲಗಾರರೂ ಸೇರಿದ್ದಾರೆ. ಕಾಯಿಲೆಯವರನ್ನು ನೋಡಲು ಹೋಗುವುದು ಅಲ್ಲಿ ಸೌಜನ್ಯ ಮಾತ್ರವಲ್ಲ, ಕರ್ತವ್ಯ. ಮಗುವನ್ನು ‘ಅಮಾನತ್’, ದೇವರು ನಮ್ಮ ಕೈಯಲ್ಲಿಟ್ಟ ಇಡುಗಂಟು, ಎಂದು ಅವರು ಭಾವಿಸುತ್ತಾರೆ. ಇಡುಗಂಟು ಎಂದಮೇಲೆ ಅದನ್ನು ಕೈಲಾದಮಟ್ಟಿಗೆ ಕಾಪಾಡುವುದೂ ಧರ್ಮ. ಇಟ್ಟವನು ಕೇಳಿದಾಗ ಒಪ್ಪಿಸುವುದೂ ಧರ್ಮ. ಮೊದಲನೆಯದನ್ನು ಮಾಡದೆ ಎರಡನೆಯದರ ಮಾತನ್ನಾಡುವವನು ಅಮಾನತ್ತಿನ ಅರ್ಥವನ್ನೇ ಕೆಡಿಸುತ್ತಾನೆ.

ಎಲ್ಲವನ್ನೂ ಮಾಡಿದಮೇಲೆಯೂ ಕೆಲವು ಮಕ್ಕಳು ಉಳಿಯುವುದಿಲ್ಲ. ನಾವು ದೇವರಿಗೆ ಸೇರಿದವರು, ಅವನೆಡೆಗೇ ಮರಳುವವರು ಎಂಬ ಅರ್ಥದ ಮಾತನ್ನು ಆಗ ಅವರು ನುಡಿಯುತ್ತಾರೆ. ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು ಸ್ವರ್ಗದಲ್ಲಿ ಇಬ್ರಾಹೀಮರ ಆರೈಕೆಯಲ್ಲಿ ಇರುತ್ತಾರೆಂದೂ ತಂದೆತಾಯಿಗಳಿಗಾಗಿ ಕಾದಿರುತ್ತಾರೆಂದೂ ನಂಬುತ್ತಾರೆ. ಈ ನಂಬಿಕೆ ನಿಜವೆ ಎಂದು ತರ್ಕಿಸುವುದು ನಮ್ಮ ಕೆಲಸವಲ್ಲ. ಆದರೆ ಆ ಮಾತನ್ನು ಆಡುವ ಹಕ್ಕು ಮೊದಲು ಆ ತಾಯಿಯದು. ಅವಳು ಆಡುವ ಮುನ್ನ ನಾವು ಆಡಿ ಅವಳ ಅಳುವನ್ನು ನಿಲ್ಲಿಸಲು ಹೊರಡಬಾರದು.

ನಮ್ಮ ತರಗತಿಗಳಲ್ಲಿ ಎಲ್ಲ ಮತಗಳ ಮಕ್ಕಳೂ ಕುಳಿತಿರುತ್ತಾರೆ. ಅವರಲ್ಲಿ ಯಾರಾದರೊಬ್ಬರು, ಮನೆಯಲ್ಲಿ ತಮ್ಮನಿಗೋ ತಂಗಿಗೋ ಸರಿಯಿಲ್ಲ ಎಂದು ವಾರಗಟ್ಟಲೆ ಗೈರುಹಾಜರಾಗಿ ಹಿಂತಿರುಗಬಹುದು. ಗುಣವಾಯಿತೆ ಎಂದು ಕೇಳಿದರೆ ‘ದುವಾ ಮಾಡಿ ಸಾರ್’ ಎಂದು ಹೇಳಬಹುದು. ಆ ಎರಡು ಶಬ್ದಗಳ ಹಿಂದೆ ಎರಡು ಗುಡ್ಡಗಳ ನಡುವೆ ಓಡಿದ ತಾಯಿಯೂ, ಮಗನ ಮುಂದೆ ಅತ್ತ ತಂದೆಯೂ ಇದ್ದಾರೆಂಬುದನ್ನು ಅಧ್ಯಾಪಕರು ಬಲ್ಲವರಾಗಿರಬೇಕು. ಬಲ್ಲವರಾದರೆ, ಆಗಲಿ ಎಂದು ಹೇಳಿ, ಔಷಧಕ್ಕೆ ಏನು ಏರ್ಪಾಡಾಗಿದೆ, ಯಾವ ವೈದ್ಯರು ನೋಡುತ್ತಿದ್ದಾರೆ, ಹಣಕ್ಕೇನು ಮಾಡಿದಿರಿ ಎಂದು ಮುಂದಿನ ಪ್ರಶ್ನೆ ಕೇಳುವುದು ಅವರಿಗೆ ಕಷ್ಟವಾಗಲಾರದು.